ಸ್ಪಂಜು ಗಾಳಿಗೆ ಹೆದರುವುದು ಏಕೆ

ಲೋಕದ ಮೈ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟವನ್ನು ಮುಟ್ಟಿದರೆ ಬೆರಳಿಗೆ ಮಣ್ಣು ಮೆತ್ತುತ್ತಿತ್ತು. ಕಲ್ಲುಗಳು ಇನ್ನೂ ಬೆಚ್ಚಗಿದ್ದವು. ಆಗ ಗಾಳಿ ಮಾತಾಡುತ್ತಿತ್ತು, ಕಡಲು ಮಾತಾಡುತ್ತಿತ್ತು, ಏಡಿಯೂ ಮಾತಾಡುತ್ತಿತ್ತು. ಯಾರು ಯಾರನ್ನು ಕೇಳಿದರೂ ಉತ್ತರ ಬರುತ್ತಿತ್ತು. ಬಂದ ಉತ್ತರವೆಲ್ಲ ಒಳ್ಳೆಯದೇ ಆಗಿರುತ್ತಿತ್ತು ಅಂತ ಮಾತ್ರ ತಿಳಿಯಬೇಡ, ಪುಟ್ಟಾ.

ಆ ಕಾಲದಲ್ಲಿ ಕಡಲ ದಂಡೆಯಲ್ಲಿ ಒಂದು ಸಣ್ಣ ಕೇರಿ ಇತ್ತು. ದೋಣಿ ಕಟ್ಟುವುದನ್ನು ಯಾರೂ ಕಲಿತಿರಲಿಲ್ಲ. ಬಲೆ ನೇಯುವುದನ್ನೂ ಕಲಿತಿರಲಿಲ್ಲ. ಬಂಡೆಗಳ ನಡುವೆ ಒಂದು ಉಪ್ಪುನೀರಿನ ಕೊಳವಿತ್ತು. ಹುಣ್ಣಿಮೆಗೂ ಅಮಾವಾಸ್ಯೆಗೂ ದೊಡ್ಡ ಉಬ್ಬರ ಬಂದಾಗ ಕಡಲು ಬಂಡೆ ಹತ್ತಿ ಬಂದು, ಕೊಳಕ್ಕೆ ಹೊಸ ನೀರು ಸುರಿದು, ಒಂದಿಷ್ಟು ಮೀನು ಬಿಟ್ಟು ಹೋಗುತ್ತಿತ್ತು. ಕೇರಿಯವರ ಊಟ ಹೆಚ್ಚಾಗಿ ಆ ಕೊಳದ್ದೇ.

ಆ ಕೊಳವನ್ನು ನೋಡಿಕೊಳ್ಳುವವಳು ದುಗ್ಗಿ.

ದುಗ್ಗಿಯ ಗಂಡ ಜೇನು ಕೀಳಲು ಹೋಗಿ ಬಂಡೆಯಿಂದ ಬಿದ್ದು ಸತ್ತಿದ್ದ. ಅವಳಿಗೆ ಇದ್ದದ್ದು ಒಬ್ಬಳೇ ಮಗಳು, ಸೋಮಿ. ದುಗ್ಗಿಗೆ ಕೊಳಕು ಕಂಡರೆ ಆಗದು. ಸಿಂಪಿಯ ಚಿಪ್ಪು ಹಿಡಿದು ಬಂಡೆಯ ಪಾಚಿ ಕೆರೆಯುತ್ತಿದ್ದಳು. ಸತ್ತ ಮೀನು ಎತ್ತಿ ಬಿಸಾಕುತ್ತಿದ್ದಳು. ಕೊಳದ ಅಂಚನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. "ದುಗ್ಗಿ ತೊಳೆದ ಕಲ್ಲಿನ ಮೇಲೆ ಗಂಜಿ ಸುರಿದುಕೊಂಡು ಉಣ್ಣಬಹುದು" ಅಂತ ಕೇರಿಯವರು ಹೇಳುತ್ತಿದ್ದರು.

ಆದರೆ ಒಂದು ಕೊಳಕಿಗೆ ಅವಳ ಚಿಪ್ಪು ತಾಗುತ್ತಿರಲಿಲ್ಲ. ಅದು ನೀರಿನೊಳಗಿನ ಕೊಳಕು.

ಲೋಕ ಹೊಸದಲ್ಲವೇ, ಎಲ್ಲವೂ ಮೈ ಉದುರಿಸಿಕೊಳ್ಳುತ್ತಿದ್ದವು. ಬೆಟ್ಟ ಧೂಳು ಉದುರಿಸುತ್ತಿತ್ತು, ಮರ ತೊಗಟೆ ಉದುರಿಸುತ್ತಿತ್ತು, ಮೀನು ಹುರುಪೆ ಉದುರಿಸುತ್ತಿತ್ತು. ದೊಡ್ಡ ಕಡಲಲ್ಲಿ ಅದೆಲ್ಲ ಹರಡಿ ಹೋಗುತ್ತಿತ್ತು. ಕೊಳದಲ್ಲಿ ಹಾಗೇ ನಿಲ್ಲುತ್ತಿತ್ತು. ಹುಣ್ಣಿಮೆ ಕಳೆದ ಸ್ವಲ್ಪ ದಿನಕ್ಕೇ ನೀರು ಅಕ್ಕಿ ತೊಳೆದ ನೀರಿನಂತೆ ಆಗುತ್ತಿತ್ತು. ಆಮೇಲೆ ಬೂದಿ ಕದಡಿದಂತೆ ಆಗುತ್ತಿತ್ತು. ಮಟಮಟ ಮಧ್ಯಾಹ್ನ, ನೆರಳು ಕಾಲಡಿಗೆ ಸೇರಿಕೊಳ್ಳುವ ಹೊತ್ತಿಗೆ, ಕೊಳದಿಂದ ಒಂದು ಸದ್ದು ಬರುತ್ತಿತ್ತು.

ಹಾ... ಹಾ... ಅಂತ.

ಕೇರಿಯವರು ಆ ಹೊತ್ತಿಗೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸೋಮಿ ಮಾತ್ರ ಕೊಳದ ಅಂಚಿಗೆ ಹೋಗಿ ಕಿವಿ ಇಟ್ಟು ಕೂರುತ್ತಿದ್ದಳು.

"ಅಮ್ಮಾ, ಕೊಳಕ್ಕೆ ಉಬ್ಬಸ" ಅಂದಳು ಒಂದು ದಿನ.

"ಬಾಯಿ ಮುಚ್ಚು ಮಗಾ. ಕೊಳಕ್ಕೆ ಎಂತದು ಉಬ್ಬಸ? ಆ ಹೊತ್ತಲ್ಲಿ ನೀರಿನ ಹತ್ತಿರ ಹೋಗಬಾರದು ಅಂತ ಎಷ್ಟು ಸಲ ಹೇಳಿದ್ದೇನೆ!"

"ಅದಕ್ಕೆ ಉಸಿರು ಹತ್ತುವುದಿಲ್ಲ ಅಮ್ಮಾ. ನನಗೆ ಕೇಳಿಸ್ತದೆ."

ಅಮ್ಮ ಬೈದಳು. ಸೋಮಿ ಮರುದಿನ ಮಧ್ಯಾಹ್ನ ಮತ್ತೆ ಹೋದಳು.

ಮೊದಲು ಮೀನುಗಳನ್ನು ಕೇಳಿದಳು. "ನಿಮಗೆ ಏನಾಗಿದೆ?"

"ನಮ್ಮ ಬಾಲ ನಮಗೇ ಕಾಣುವುದಿಲ್ಲ" ಅಂದವು ಮೀನುಗಳು.

ಏಡಿಯನ್ನು ಕೇಳಿದಳು. "ನೀನು ಈ ಕೊಳೆಯನ್ನೆಲ್ಲ ತಿನ್ನಬಾರದೇ?"

"ಕೊಂಡಿಗೆ ಸಿಗುವುದನ್ನು ತಿನ್ನುತ್ತೇನೆ. ಇದು ಕೊಂಡಿಗೆ ಸಿಗುವುದಿಲ್ಲ" ಅಂದಿತು ಏಡಿ.

ಹವಳವನ್ನು ಕೇಳಿದಳು. "ನನಗೆ ಮನೆ ಕಟ್ಟುವ ಕೆಲಸ ಇದೆ" ಅಂದಿತು ಹವಳ.

ಆಮೇಲೆ ಬಂಡೆಯ ಬಿರುಕಿಗೆ ಬಾಯಿ ಇಟ್ಟು ಕಡಲನ್ನೇ ಕೇಳಿದಳು. "ನೀನು ದಿನಾ ಯಾಕೆ ಬರುವುದಿಲ್ಲ?"

ಕಡಲು ದೂರದಿಂದ ನಿಧಾನವಾಗಿ ಉತ್ತರ ಕೊಟ್ಟಿತು. "ಚಂದ್ರ ಎಳೆದಷ್ಟೇ ಬರುತ್ತೇನೆ ಮಗೂ. ನಡುವಿನ ದಿನಗಳಲ್ಲಿ ಯಾರಾದರೂ ಆ ನೀರನ್ನು ಕುಡಿದು ಸೋಸಿ ಬಿಡಬೇಕು. ಎಲ್ಲರನ್ನೂ ಕೇಳಿದೆ. ಯಾರೂ ಒಪ್ಪಲಿಲ್ಲ."

"ಯಾಕೆ ಒಪ್ಪಲಿಲ್ಲ?"

"ಕುಡಿಯುವವರು ನಿಲ್ಲಿಸುವ ಹಾಗಿಲ್ಲ. ಮಾತಾಡಲು ನಿಲ್ಲಿಸುವ ಹಾಗಿಲ್ಲ. ಕಣ್ಣೆತ್ತಿ ನೋಡಲು ನಿಲ್ಲಿಸುವ ಹಾಗಿಲ್ಲ. ಎದ್ದು ಮನೆಗೆ ಹೋಗುವ ಹಾಗಿಲ್ಲ."

ಸೋಮಿ ಯೋಚಿಸಿದಳು. ಸಣ್ಣ ಹುಡುಗಿಯ ಯೋಚನೆ ಅದು. "ನಾನು ಒಂದು ಸ್ವಲ್ಪ ಕುಡಿದು ನೋಡುತ್ತೇನೆ" ಅಂದಳು.

ಕಡಲು ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಅವಳು ಬಗ್ಗಿ ನೀರಿಗೆ ಬಾಯಿ ಇಟ್ಟು ಹೀರಿದಳು. ಕೊಳೆಯನ್ನು ಒಳಗೆ ಇಟ್ಟುಕೊಂಡು ನೀರನ್ನು ಹೊರಗೆ ಬಿಟ್ಟಳು. ಬಿಟ್ಟ ನೀರು ತಿಳಿಯಾಗಿತ್ತು. ಒಂದು ಅಂಗೈಯಷ್ಟು ಜಾಗದಲ್ಲಿ ಕೊಳದ ತಳ ಕಂಡಿತು. ಮೀನುಗಳು ಆ ಅಂಗೈಯಷ್ಟು ಬೆಳಕಿಗೆ ಓಡಿ ಬಂದವು.

ಅಂದಿನಿಂದ ಅವಳು ದಿನವೂ ಹೋದಳು. ದಿನವೂ ಕುಡಿದಳು.

ದುಗ್ಗಿಗೆ ಮೊದಲು ಗೊತ್ತಾಗಲಿಲ್ಲ. ಕೊಳದ ನೀರು ತಿಳಿಯಾಗುತ್ತಾ ಬಂದದ್ದು ತನ್ನ ಕೈಗುಣ ಅಂದುಕೊಂಡಳು. ಕೇರಿಯವರೂ ಹಾಗೇ ಹೊಗಳಿದರು. ಆದರೆ ಮನೆಯಲ್ಲಿ ಸೋಮಿ ಗಂಜಿ ಮುಟ್ಟುತ್ತಿರಲಿಲ್ಲ. "ಹೊಟ್ಟೆ ತುಂಬಿದೆ ಅಮ್ಮಾ" ಅನ್ನುತ್ತಿದ್ದಳು. ಮಾತು ಕಡಿಮೆಯಾಯಿತು. ಬಿಸಿಲಿಗೆ ಬರಲು ಒಪ್ಪುತ್ತಿರಲಿಲ್ಲ. ಒಲೆಯ ಹಿಂದಿನ ಕತ್ತಲ ಮೂಲೆಯಲ್ಲಿ ಕೂರುತ್ತಿದ್ದಳು. ಮೈ ಬೆಳ್ಳಗಾಗುತ್ತಾ ಬಂತು, ನೆನೆದ ಬಟ್ಟೆಯ ಹಾಗೆ.

ಒಂದು ಸಂಜೆ ದುಗ್ಗಿ ಮಗಳ ತೋಳು ಹಿಡಿದು ಹತ್ತಿರ ಎಳೆದುಕೊಂಡಳು. ಕೈ ಬಿಟ್ಟಾಗ ತೋಳಿನ ಮೇಲೆ ಹೆಬ್ಬೆರಳಿನ ಗುಂಡಿ ಹಾಗೇ ಉಳಿದಿತ್ತು. ನಾದಿದ ಹಿಟ್ಟಿನ ಮೇಲೆ ಉಳಿದ ಹಾಗೆ. ಅದು ಮೆಲ್ಲಗೆ, ಬಹಳ ಮೆಲ್ಲಗೆ ತುಂಬಿಕೊಂಡಿತು. ತುಂಬಿಕೊಳ್ಳುವಾಗ ಚರ್ಮದಿಂದ ಒಂದು ಹನಿ ನೀರು ಜಿನುಗಿತು. ದುಗ್ಗಿ ಅದನ್ನು ನಾಲಿಗೆಗೆ ಮುಟ್ಟಿಸಿ ನೋಡಿದಳು.

ಉಪ್ಪು.

ಅವಳು ಮಗಳ ಎರಡೂ ಭುಜ ಹಿಡಿದಳು. "ಏನು ಮಾಡಿಕೊಂಡೆ ಮಗಾ? ಹೇಳು, ಏನು ಮಾಡಿಕೊಂಡೆ?"

ಸೋಮಿ ಹೇಳಿದಳು. ಹೇಳುವಾಗ ಮಾತಿನ ನಡುನಡುವೆ ನೀರು ಗುಳುಗುಳು ಅನ್ನುತ್ತಿತ್ತು.

ದುಗ್ಗಿ ಅಲ್ಲಿ ಒಂದು ಗಳಿಗೆಯೂ ನಿಲ್ಲಲಿಲ್ಲ. ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಹತ್ತಿದಳು. ಗುಡ್ಡದ ತುದಿಯಲ್ಲಿ, ಕಡಲು ಕಾಣದ ಮಗ್ಗುಲಲ್ಲಿ, ಒಂದು ಗುಡಿಸಲು ಹಾಕಿದಳು. "ಇನ್ನು ಆ ಕೊಳದ ಮುಖ ನೋಡಬಾರದು ನೀನು" ಅಂದಳು.

ಆದರೆ ಗುಡ್ಡದ ಮೇಲೆ ಗಾಳಿ ಇತ್ತು.

ಗಾಳಿ ಬೀಸಿದಾಗೆಲ್ಲ ಸೋಮಿ ಕೆಮ್ಮುತ್ತಿದ್ದಳು. ಅವಳ ಮೈಯಿಂದ ಕೊಳಲಿನಂಥ ಒಂದು ಸಣ್ಣ ಸದ್ದು ಬರುತ್ತಿತ್ತು. ಬಾಯಿಂದ ಅಲ್ಲ, ಮೈಯಿಂದ. ದುಗ್ಗಿ ಕಂಬಳಿ ಹೊದೆಸಿದಳು. ಕಂಬಳಿಯೊಳಗಿಂದಲೂ ಆ ಸದ್ದು ಬಂತು.

ಕೆಳಗೆ ಕೊಳ ಮತ್ತೆ ಕೆಟ್ಟಿತು. ಮೀನುಗಳು ಮೇಲೆ ಬಂದು ಬಾಯಿ ತೆರೆದು ತೇಲಿದವು. ಕೇರಿಯ ಹಿರಿಯ ಕೆಂಚಜ್ಜ ಕೋಲೂರಿಕೊಂಡು ಗುಡ್ಡ ಹತ್ತಿ ಬಂದ.

"ದುಗ್ಗೀ, ಕೊಳ ಸಾಯ್ತಾ ಇದೆ. ಮಕ್ಕಳು ಹಸಿದಿದ್ದಾರೆ. ಕೆಳಗೆ ಬಾ."

"ನನ್ನ ಮಗಳಿಗೆ ಹುಷಾರಿಲ್ಲ ಅಜ್ಜಾ. ನಾನು ಬರುವುದಿಲ್ಲ."

ಕೆಂಚಜ್ಜ ಒಳಗೆ ಇಣುಕಿ ನೋಡಿದ. ಸೋಮಿಯನ್ನು ನೋಡಿದ. ಬಂದ ದಾರಿಯಲ್ಲೇ ಇಳಿದು ಹೋದ.

ಅಜ್ಜನ ಮಾತನ್ನು ಸೋಮಿ ಕೇಳಿಸಿಕೊಂಡಿದ್ದಳು. ಮರುದಿನ ಮಧ್ಯಾಹ್ನ ದುಗ್ಗಿ ಸೌದೆ ತರಲು ಹೋದಾಗ ಅವಳು ಎದ್ದು ಹೊರಟಳು.

ದುಗ್ಗಿ ಬಂದು ನೋಡಿದರೆ ಕಂಬಳಿ ಮಾತ್ರ ಇತ್ತು. ಗುಡ್ಡದ ಹಾದಿಯಲ್ಲಿ ಒದ್ದೆ ಹೆಜ್ಜೆಗಳಿದ್ದವು. ದುಗ್ಗಿ ಹೆಜ್ಜೆಯ ಹಿಂದೆ ಓಡಿದಳು. ಬಂಡೆ ಇಳಿದಳು, ಮರಳು ದಾಟಿದಳು. ಹೆಜ್ಜೆಗಳು ಕೊಳದ ಅಂಚಿಗೆ ಹೋಗಿ ನಿಂತಿದ್ದವು. ವಾಪಸು ಬಂದ ಹೆಜ್ಜೆ ಒಂದೂ ಇರಲಿಲ್ಲ.

ಕೊಳ ತಿಳಿಯಾಗಿತ್ತು. ತಳದ ಪ್ರತಿಯೊಂದು ಕಲ್ಲೂ ಕಾಣುತ್ತಿತ್ತು. ಮೀನುಗಳು ಸುಮ್ಮನೆ ಈಜುತ್ತಿದ್ದವು. ಉಬ್ಬಸದ ಸದ್ದು ಇರಲಿಲ್ಲ. ಸೋಮಿಯೂ ಇರಲಿಲ್ಲ.

ದುಗ್ಗಿ ನೀರಿಗೆ ಇಳಿದು ಹುಡುಕಿದಳು. ಕೇರಿಯವರೂ ಇಳಿದು ಹುಡುಕಿದರು. ಸೋಮಿಯ ಬಟ್ಟೆ ಸಿಕ್ಕಿತು. ಬೇರೆ ಏನೂ ಸಿಗಲಿಲ್ಲ.

"ನನ್ನ ಮಗಳನ್ನು ಕಂಡಿರಾ?" ಅಂತ ಮೀನುಗಳನ್ನು ಕೇಳಿದಳು. ಮೀನುಗಳು ಮುಖ ತಿರುಗಿಸಿದವು. ಏಡಿ ಕಲ್ಲಿನಡಿಗೆ ಸರಿಯಿತು. ಕೇಳಿದರೆ ಉತ್ತರ ಬಾರದೇ ಹೋದದ್ದು ಲೋಕದಲ್ಲಿ ಅದೇ ಮೊದಲು.

ದುಗ್ಗಿ ಅತ್ತಳು. ಅತ್ತು ಅತ್ತು ಕಣ್ಣು ಬತ್ತಿದ ಮೇಲೆ ಮತ್ತೆ ಚಿಪ್ಪು ಹಿಡಿದು ಕೊಳ ತೊಳೆಯತೊಡಗಿದಳು. ಅವಳಿಗೆ ಬೇರೆ ಏನು ಗೊತ್ತಿತ್ತು? ತೊಳೆಯುವುದು ಗೊತ್ತಿತ್ತು. ತೊಳೆದಳು.

ಹಾಗೆ ತೊಳೆಯುವಾಗ ಒಂದು ದಿನ, ಕೊಳದ ಹಿಂಬದಿಯಲ್ಲಿ, ಬಿಸಿಲು ಬೀಳದ ಬಂಡೆಯ ಅಡಿಯಲ್ಲಿ, ಬೆಳ್ಳಗೆ ಏನೋ ಅಂಟಿಕೊಂಡದ್ದು ಕಂಡಿತು. ಮೆತ್ತಗಿತ್ತು. ಮೈ ತುಂಬ ಸಣ್ಣ ಸಣ್ಣ ತೂತು. ಕಣ್ಣಿಲ್ಲ, ಬಾಯಿಲ್ಲ, ಕೈಕಾಲಿಲ್ಲ.

"ಥೂ, ಬೂಷ್ಟು!" ಅಂದರು ಕೇರಿಯ ಹೆಂಗಸರು. "ಹೆಣದ ಮೇಲೆ ಬರುವಂಥದ್ದು. ಕೆರೆದು ತೆಗಿ ದುಗ್ಗೀ, ಮೀನಿಗೆ ರೋಗ ಬಂದೀತು."

ದುಗ್ಗಿ ಕೆರೆದಳು. ಕೆರೆದದ್ದೆಲ್ಲ ಪುಡಿಪುಡಿಯಾಗಿ ನೀರಲ್ಲಿ ತೇಲಿತು.

ಕೊಳ ಕದಡಿತು. ಮಧ್ಯಾಹ್ನದ ಆ ಸದ್ದು ಮರಳಿ ಬಂತು. ಹಾ... ಹಾ...

ಸ್ವಲ್ಪ ದಿನಕ್ಕೆ ಆ ಬೆಳ್ಳನೆಯದು ಮತ್ತೆ ಅಲ್ಲೇ ಬೆಳೆದಿತ್ತು. ಪುಡಿ ಪುಡಿ ಸೇರಿಕೊಂಡು, ಒಂದನ್ನೊಂದು ಹುಡುಕಿಕೊಂಡು, ಅದೇ ಜಾಗಕ್ಕೆ ಬಂದು ಕೂತಿತ್ತು. ಅದು ಬೆಳೆದಂತೆ ನೀರು ತಿಳಿಯಾಯಿತು. ದುಗ್ಗಿ ಮತ್ತೆ ಕೆರೆದಳು. ನೀರು ಮತ್ತೆ ಕೆಟ್ಟಿತು. ಅದು ಮತ್ತೆ ಬೆಳೆಯಿತು.

ಇನ್ನೊಮ್ಮೆ ಕೆರೆಯಲು ಹೋದಾಗ ಚಿಪ್ಪು ಕೈಜಾರಿ ಕೆಳಗೆ ಬಿತ್ತು. ದುಗ್ಗಿ ಬರಿಗೈಯಿಂದಲೇ ಅದನ್ನು ಒತ್ತಿ ಹಿಡಿದಳು. ಕೈ ತೆಗೆದಾಗ ಅದರ ಮೇಲೆ ಹೆಬ್ಬೆರಳಿನ ಗುಂಡಿ ಹಾಗೇ ಉಳಿದಿತ್ತು. ಅದು ಮೆಲ್ಲಗೆ, ಬಹಳ ಮೆಲ್ಲಗೆ ತುಂಬಿಕೊಂಡಿತು.

ಬಿದ್ದ ಚಿಪ್ಪನ್ನು ದುಗ್ಗಿ ಎತ್ತಿಕೊಳ್ಳಲಿಲ್ಲ.

ಮತ್ತೆ ಅಂಗೈಯನ್ನು ಅದರ ಹತ್ತಿರ ಹಿಡಿದಳು. ಬೆಚ್ಚಗಿನ ನೀರು ಅಂಗೈಗೆ ಬಂದು ತಾಗಿತು. ಮತ್ತೆ ತಾಗಿತು. ಮಲಗಿದ ಮಗುವಿನ ಮೂಗಿನ ಹತ್ತಿರ ಕೈ ಹಿಡಿದರೆ ತಾಗುವುದಲ್ಲ, ಹಾಗೆ.

"ಸೋಮೀ" ಅಂದಳು.

ಉತ್ತರ ಬರಲಿಲ್ಲ. ಬಾಯಿ ಇದ್ದರಲ್ಲವೇ ಬರುವುದು? ನೀರು ಮಾತ್ರ ಬಂದು ತಾಗಿತು.

ಆಮೇಲೆ ದುಗ್ಗಿ ಅದನ್ನು ಮುಟ್ಟಲಿಲ್ಲ. ಯಾರಿಗೂ ಮುಟ್ಟಲು ಬಿಡಲಿಲ್ಲ. ದಿನವಿಡೀ ಕುತ್ತಿಗೆಮಟ್ಟ ನೀರಲ್ಲಿ ನಿಂತು ಅದರ ಜೊತೆ ಮಾತಾಡುತ್ತಿದ್ದಳು. ಮಾಡಿದ ಅಡುಗೆ ಹೇಳುತ್ತಿದ್ದಳು. ಯಾರ ಮನೆಯಲ್ಲಿ ಮಗು ಹುಟ್ಟಿತು ಅಂತ ಹೇಳುತ್ತಿದ್ದಳು. ಮಗಳು ಅಲ್ಲೇ ಇದ್ದಾಳೆ, ಉಸಿರಾಡುತ್ತಿದ್ದಾಳೆ ಅನ್ನುವುದು ಮೊದಮೊದಲು ಸಾಕಾಗುತ್ತಿತ್ತು. ಆಮೇಲೆ ಸಾಕಾಗಲಿಲ್ಲ. ಒಂದು ಮಾತು ಕೇಳಬೇಕು ಅನ್ನಿಸಿತು. ಒಂದೇ ಒಂದು ಮಾತು.

ಅದು ಗಾಳಿಗೆ ಗೊತ್ತಾಯಿತು.

ಗಾಳಿ ಗುಡ್ಡ ಇಳಿದು ಬಂದು ದುಗ್ಗಿಯ ಕಿವಿಯ ಹತ್ತಿರ ಕೂತಿತು. "ಅವಳು ಮಾತಾಡಬಲ್ಲಳು" ಅಂದಿತು.

"ಸುಳ್ಳು. ಅವಳಿಗೆ ಬಾಯಿಲ್ಲ."

"ಮೈಯೆಲ್ಲ ಬಾಯಿ ಅವಳಿಗೆ. ಗುಡ್ಡದ ಮೇಲೆ ನೀನೇ ಕೇಳಿರಲಿಲ್ಲವೇ? ನೀರಲ್ಲಿ ಮಾತು ಹುಟ್ಟುವುದಿಲ್ಲ. ಮಾತಿಗೆ ನಾನು ಬೇಕು. ಒಂದು ಸಲ ಹೊರಗೆ ಎತ್ತು. ಒಂದೇ ಗಳಿಗೆ."

"ಬೇಡ ದುಗ್ಗೀ" ಅಂದಿತು ಬಂಡೆಯಾಚೆಯಿಂದ ಕಡಲು.

"ನೀನು ಬಾಯಿ ಮುಚ್ಚು!" ದುಗ್ಗಿ ಕೂಗಿದಳು. "ನನ್ನ ಮಗಳನ್ನು ನುಂಗಿದ್ದು ನೀನು."

ಕಡಲು ಬಂಡೆಯಿಂದ ಹಿಂದೆ ಸರಿಯಿತು.

ಗಾಳಿ ದಿನಾ ಬಂತು. ದಿನಾ ಅದೇ ಮಾತು ಹೇಳಿತು. ಒಂದೇ ಗಳಿಗೆ, ಒಂದೇ ಗಳಿಗೆ. ಕೊನೆಗೆ ಒಂದು ಸಂಜೆ ದುಗ್ಗಿ ಎರಡೂ ಕೈ ಬಂಡೆಯಡಿಗೆ ಹಾಕಿ, ಉಗುರಿನಿಂದ ಮೆಲ್ಲಗೆ ಬಿಡಿಸಿ, ಆ ಬೆಳ್ಳನೆಯದನ್ನು ನೀರಿನಿಂದ ಮೇಲಕ್ಕೆ ಎತ್ತಿದಳು.

ನೀರು ಅದರ ತೂತುಗಳಿಂದ ಸುರಿದು ಹೋಯಿತು. ಗಾಳಿ ಆ ತೂತುಗಳೊಳಗೆ ನುಗ್ಗಿತು.

"ಅಮ್ಮಾ" ಅಂದಿತು ಅದು.

ಸೋಮಿಯ ದನಿಯೇ. ದುಗ್ಗಿ ಅದನ್ನು ಎದೆಗೆ ಒತ್ತಿಕೊಂಡಳು. "ಮಗಾ! ಮಗಾ! ಇನ್ನೊಂದು ಸಲ ಹೇಳು."

"ಅಮ್ಮಾ" ಅಂದಿತು. "ಅಮ್ಮಾ. ಅಮ್ಮಾ. ಅಮ್ಮಾ." ಪ್ರತಿಯೊಂದು ತೂತಿನಿಂದ ಒಂದೊಂದು ದನಿ. ಕೆಲವು ಸಣ್ಣವು, ಕೆಲವು ದೊಡ್ಡವು. ಎಲ್ಲ ಒಟ್ಟಿಗೆ.

"ಸಾಕು ಮಗಾ. ಬೇರೆ ಏನಾದರೂ ಹೇಳು. ನೋವಾಯಿತಾ ನಿನಗೆ?"

"ದುಗ್ಗೀ" ಅಂದಿತು ಅದು.

ಅದು ಸೋಮಿಯ ದನಿ ಅಲ್ಲ. ಬಂಡೆಯಿಂದ ಬಿದ್ದು ಸತ್ತ ಗಂಡನ ದನಿ. ಆಮೇಲೆ ಅವಳ ಸತ್ತ ತಾಯಿಯ ದನಿ ಬಂತು. ಆಮೇಲೆ ಅವಳು ಎಂದೂ ಕೇಳಿರದ ಯಾರು ಯಾರದೋ ದನಿಗಳು ಬಂದವು. ಎಲ್ಲ ಅವಳ ಹೆಸರು ಕರೆದವು. ಎಲ್ಲ ಅವಳ ಕೈಯೊಳಗಿನ ಅದೇ ತೂತುಗಳಿಂದ.

ಆಗ ದುಗ್ಗಿಗೆ ತಿಳಿಯಿತು. ಮಾತಾಡುತ್ತಿರುವುದು ಮಗಳಲ್ಲ. ಗಾಳಿ. ಗುಡ್ಡದ ಮೇಲೆ, ಬಂಡೆಯ ಮೇಲೆ, ಮನೆಯ ಸಂದಿಯಲ್ಲಿ ಕದ್ದು ಕೇಳಿಸಿಕೊಂಡ ದನಿಗಳನ್ನೆಲ್ಲ, ಊದಲು ತೂತು ಸಿಕ್ಕಿದ ಖುಷಿಯಲ್ಲಿ, ಊದುತ್ತಿದೆ. ಮಗಳು ಮಾತಾಡುತ್ತಿರಲಿಲ್ಲ. ಮಗಳು ಸಾಯುತ್ತಿದ್ದಳು. ಕೈಯೊಳಗಿನದು ಹಗುರವಾಗುತ್ತಾ, ತಣ್ಣಗಾಗುತ್ತಾ ಬರುತ್ತಿತ್ತು.

"ಬಿಡು ಅವಳನ್ನು!" ಅಂತ ಕಿರುಚಿ ದುಗ್ಗಿ ಅದನ್ನು ನೀರಿನೊಳಗೆ ಒತ್ತಿದಳು.

ಆದರೆ ಒಳಗೆ ಹೊಕ್ಕ ಗಾಳಿ ಹೊರಗೆ ಬರಲಿಲ್ಲ. ತೂತು ತೂತಿನಲ್ಲೂ ಬೆಳ್ಳಿಯ ಮಣಿಯಂತೆ ಗುಳ್ಳೆಯಾಗಿ ಕೂತಿತ್ತು. ದುಗ್ಗಿ ಅಲುಗಿಸಿದಳು, ಹಿಂಡಿದಳು, ಬಾಯಿ ಇಟ್ಟು ಹೀರಿದಳು. ಗಾಳಿ ಒಳಗೇ ಕೂತು ನಕ್ಕಿತು. ಗಾಳಿ ಕೂತಲ್ಲಿ ನೀರು ಹೋಗುವುದಿಲ್ಲ. ನೀರು ಹೋಗದಿದ್ದರೆ ಉಸಿರಿಲ್ಲ.

ಬೆಳಗಾಗುವುದರೊಳಗೆ ಅದು ಬೂದಿ ಬಣ್ಣಕ್ಕೆ ತಿರುಗಿತು. ಆಮೇಲೆ ಕಪ್ಪಾಯಿತು. ಆಮೇಲೆ ಕರಗಿತು. ಕೊಳ ನಾರಿತು. ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ಹವಳದ ಬಣ್ಣ ಹೋಯಿತು. ಕೇರಿಯವರು ಮೂಗು ಮುಚ್ಚಿಕೊಂಡು ಬಂದು ಅಂಚಿನಲ್ಲಿ ನಿಂತರು.

"ಇದರ ಆಯಸ್ಸು ಮುಗಿಯಿತು" ಅಂದ ಕೆಂಚಜ್ಜ. "ಕಲ್ಲು ತುಂಬಿ ಮುಚ್ಚಿಬಿಡುವ. ನಾವು ಬೇರೆ ಕಡೆ ಹೋಗುವ."

ದುಗ್ಗಿ ನೀರಿನಿಂದ ಮೇಲೆ ಬಂದಿರಲಿಲ್ಲ. ಅವಳ ತುಟಿ ನೀಲಿಯಾಗಿತ್ತು. "ಅಜ್ಜಾ, ನಿಮ್ಮ ಕಾಲು ಹಿಡಿಯುತ್ತೇನೆ. ಅಮಾವಾಸ್ಯೆಯ ಉಬ್ಬರದವರೆಗೆ ಕಾಯಿರಿ. ಆಮೇಲೂ ಹೀಗೇ ಇದ್ದರೆ ಕಲ್ಲು ಹಾಕಿ. ನಾನು ಒಳಗೆ ಇರುವಾಗಲೇ ಹಾಕಿ."

ಕೆಂಚಜ್ಜ ಅವಳ ಮುಖ ನೋಡಿದ. "ಆಯಿತು" ಅಂದ.

ಅಮಾವಾಸ್ಯೆಯ ದಿನ ಹೊತ್ತು ನೆತ್ತಿಗೇರುವಾಗ ಕಡಲು ಬಂಡೆ ಹತ್ತಿ ಬಂತು. ಸದ್ದಿಲ್ಲದೆ ಬಂತು. ಕೊಳದ ಕೆಟ್ಟ ನೀರನ್ನು ಎತ್ತಿಕೊಂಡು ಹೋಯಿತು, ಹೊಸ ನೀರು ಸುರಿಯಿತು. ದುಗ್ಗಿಯ ಭುಜದ ಮಟ್ಟಕ್ಕೆ ನಿಂತಿತು.

"ನನ್ನನ್ನೂ ತೆಗೆದುಕೊ" ಅಂದಳು ದುಗ್ಗಿ. "ಅವಳನ್ನು ನೀನು ನುಂಗಿದೆ. ಉಳಿದದ್ದನ್ನು ನಾನೇ ಕೊಂದೆ. ಇನ್ನು ನಾನು ಇದ್ದು ಏನು?"

"ನಾನು ನುಂಗಲಿಲ್ಲ" ಅಂದಿತು ಕಡಲು. "ಅವಳು ಕುಡಿದಳು. ಬೇಡ ಅನ್ನಬಹುದಿತ್ತು ನಾನು, ಅನ್ನಲಿಲ್ಲ. ಅದು ನನ್ನ ಮೇಲೆ ಇರಲಿ. ಆದರೆ ನೀನು ಅವಳನ್ನು ಪೂರ್ತಿ ಎತ್ತಲಿಲ್ಲ ದುಗ್ಗೀ. ಕಲ್ಲಿನ ಹಿಂದೆ, ಉಗುರು ಹೋಗದ ಕಡೆ ನೋಡು."

ದುಗ್ಗಿ ಮುಳುಗಿದಳು. ಕತ್ತಲಲ್ಲಿ ಕಣ್ಣು ಬಿಟ್ಟಳು. ಬಿರುಕಿನ ತುದಿಯಲ್ಲಿ, ಎಳ್ಳಿನಷ್ಟು, ಬೆಳ್ಳಗೆ ಒಂದು ಚೂರು ಇತ್ತು.

ಅವಳು ಅದನ್ನು ಮುಟ್ಟಲಿಲ್ಲ. ಹತ್ತಿರವೂ ಹೋಗಲಿಲ್ಲ. ಒಂದು ಚಪ್ಪಟೆ ಕಲ್ಲು ತಂದು ಬಿಸಿಲು ಬೀಳದ ಹಾಗೆ ಅಡ್ಡ ಇಟ್ಟಳು. ಪಾಚಿ ಬೆಳೆದರೆ ಅದರ ಉಸಿರು ಕಟ್ಟುತ್ತದೆ ಅಂತ ಸುತ್ತಲಿನ ಪಾಚಿಯನ್ನು ಮಾತ್ರ ಬೆರಳಿನಿಂದ ಕಿತ್ತಳು. ಕೊಳದ ಅಂಚನ್ನು ನಾರಿನಿಂದ ತಿಕ್ಕುವುದನ್ನೂ ಬಿಟ್ಟಳು. "ಯಾಕೆ ದುಗ್ಗೀ, ಕೊಳಕು ಬಿದ್ದಿದೆಯಲ್ಲ" ಅಂತ ಹೆಂಗಸರು ಕೇಳಿದರೆ, "ಇರಲಿ ಬಿಡಿ. ಎಲ್ಲ ತೊಳೆದು ತೊಳೆದು ನಾನು ಕಂಡದ್ದು ಸಾಕು" ಅನ್ನುತ್ತಿದ್ದಳು.

ಎಳ್ಳಿನಷ್ಟಿದ್ದದ್ದು ಕಡಲೆಯಷ್ಟಾಯಿತು. ಕಡಲೆಯಷ್ಟಿದ್ದದ್ದು ಅಡಿಕೆಯಷ್ಟಾಯಿತು. ಕೊಳ ತಿಳಿಯಾಯಿತು. ಹವಳಕ್ಕೆ ಬಣ್ಣ ಬಂತು. ಕೇರಿಯವರ ಒಲೆಯ ಮೇಲೆ ಮತ್ತೆ ಸಾರು ಕುದಿಯಿತು. ಯಾರೂ ಬೇರೆ ಕಡೆ ಹೋಗಲಿಲ್ಲ.

ಗಾಳಿ ಆಗಾಗ ಬರುತ್ತಿತ್ತು. ನೀರಿನ ಮೇಲೆ ಬೆರಳಾಡಿಸುತ್ತಿತ್ತು. "ಒಂದೇ ಗಳಿಗೆ, ದುಗ್ಗೀ" ಅನ್ನುತ್ತಿತ್ತು, ಸೋಮಿಯ ದನಿಯಲ್ಲಿ. ದುಗ್ಗಿ ಕಿವಿಗೆ ಬೆರಳಿಟ್ಟುಕೊಂಡು ಕೂರುತ್ತಿದ್ದಳು. ಅದು ಸುಲಭವಾಗಿರಲಿಲ್ಲ, ಪುಟ್ಟಾ. ಎಂದಿಗೂ ಸುಲಭವಾಗಲಿಲ್ಲ.

ಒಂದು ದಿನ ಹವಳ ದೂರು ಹೇಳಿತು. "ದುಗ್ಗೀ, ನಿನ್ನ ಮಗಳು ಬೆಳೆಯುತ್ತಾ ಬೆಳೆಯುತ್ತಾ ನನ್ನ ತಲೆಯ ಮೇಲೆ ಹತ್ತಿದ್ದಾಳೆ. ನನಗೆ ಬೆಳಕು ಕಾಣುವುದಿಲ್ಲ."

ದುಗ್ಗಿ ಬಹಳ ಹೊತ್ತು ಯೋಚಿಸಿದಳು. ಹವಳ ಹೇಳಿದ್ದೂ ನ್ಯಾಯವೇ. ಕೊನೆಗೆ ನೀರಿನೊಳಗೇ ಕೈ ಇಟ್ಟು, ಹವಳದ ಮೇಲೆ ಹರಡಿದ್ದ ತುದಿಯನ್ನು ಮಾತ್ರ, ಮಗುವಿನ ಉಗುರು ಕತ್ತರಿಸುವ ಹಾಗೆ, ಮೆಲ್ಲಗೆ ಬಿಡಿಸಿದಳು. ಬಿಡಿಸಿದ ತುಂಡನ್ನು ಮೇಲೆ ಎತ್ತಲಿಲ್ಲ. ನೀರೊಳಗೇ ನಡೆದುಕೊಂಡು ಹೋಗಿ ಇನ್ನೊಂದು ಬಂಡೆಯ ಕತ್ತಲಲ್ಲಿ ಇಟ್ಟಳು. ಅದು ಅಲ್ಲಿ ಬೇರೂರಿತು. ಮುಂದಿನ ಉಬ್ಬರದಲ್ಲಿ ಅದರ ಚೂರುಗಳನ್ನು ಕಡಲು ಬಳಿದುಕೊಂಡು ಹೋಯಿತು. ಹಳದಿ, ಕೆಂಪು, ಬೂದು, ನೀಲಿ, ಒಂದೊಂದು ಕಡಲಲ್ಲಿ ಒಂದೊಂದು ಬಣ್ಣ ತೊಟ್ಟು ಅವು ಬೆಳೆದವು. ಎಲ್ಲವೂ ಕುಡಿಯುತ್ತಾ ಕೂತವು. ಅವನ್ನೇ ಈಗ ನಾವು ಸ್ಪಂಜು ಅನ್ನುವುದು.

ದುಗ್ಗಿ ಮುದುಕಿಯಾದಳು. ಕಣ್ಣು ಮಂಜಾಯಿತು, ಕಾಲು ಬಿದ್ದು ಹೋಯಿತು. ಕೊನೆಯ ದಿನಗಳಲ್ಲಿ ಕೇರಿಯವರು ಅವಳನ್ನು ಎತ್ತಿ ತಂದು ಕೊಳದ ಅಂಚಿನಲ್ಲಿ ಮಲಗಿಸುತ್ತಿದ್ದರು. ಅವಳು ಒಂದು ಕೈಯನ್ನು ನೀರಿಗೆ ಇಳಿಬಿಟ್ಟು ಮಲಗಿರುತ್ತಿದ್ದಳು. "ಏನಾದರೂ ಹೇಳುತ್ತಾಳಾ ಮಗಳು?" ಅಂತ ಯಾರೋ ಕೇಳಿದರು.

"ಇಲ್ಲ" ಅಂದಳು ದುಗ್ಗಿ. "ಅವಳಿಗೆ ಕೆಲಸ ಇದೆ."

ಅವಳು ಹೋದ ಮೇಲೂ ಗಾಳಿ ಊದಲು ಆ ತೂತುಗಳನ್ನು ಹುಡುಕುವುದನ್ನು ಬಿಡಲಿಲ್ಲ. ಅದಕ್ಕೇ ನೋಡು, ಜನ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಮೀನು ಸಾಕುವಾಗಲೂ ಗಾಳಿ ಸಣ್ಣ ಕೊಳವೆಯ ದಾರಿ ಹಿಡಿದು ನೀರಿನ ತಳಕ್ಕೆ ಇಳಿಯುತ್ತದೆ; ಗುಳು ಗುಳು ಅನ್ನುತ್ತಾ, ಗುಳ್ಳೆ ಗುಳ್ಳೆಯಾಗಿ ಮೂಲೆ ಮೂಲೆ ತಡಕುತ್ತಾ ಮೇಲೇರುತ್ತದೆ; ಆ ಗುಳ್ಳೆಗಳು ಬಾರದ ಕಡೆ, ಕಲ್ಲಿನ ಹಿಂದಿನ ಕತ್ತಲಲ್ಲಿ, ಬೆಳ್ಳನೆಯ ಸಣ್ಣ ಸ್ಪಂಜು ಕಣ್ಣಿಲ್ಲದೆ ಬಾಯಿಲ್ಲದೆ ಕಲ್ಲಿಗೆ ಕಚ್ಚಿಕೊಂಡು ನೀರು ಕುಡಿಯುತ್ತಾ ಕೂತಿರುತ್ತದೆ; ತೊಟ್ಟಿ ತೊಳೆಯುವಾಗ ತಿಳಿದವರು ಅದನ್ನು ಕೆರೆಯದೆ ಅಲ್ಲೇ ಬಿಡುತ್ತಾರೆ, ತಿಳಿಯದೆ ಮೇಲೆ ಎತ್ತಿ ನೋಡಿದವರಿಗೆ ಮರುದಿನ ಸಿಗುವುದು ಬೂದಿ ಬಣ್ಣದ, ನಾರುವ ಒಂದು ಮುದ್ದೆ ಮಾತ್ರ.